ಜೂಲ್‌ನ ಲೆಕ್ಕ, ಆತ್ಮದ ಮಾತು: ಶಕ್ತಿ ಸಂರಕ್ಷಣೆಯ ನಿಯಮ ನಂಬಿಕೆಗೆ ತಾಗುವುದೆಲ್ಲಿ?

‘ಶಕ್ತಿಯನ್ನು ಸೃಷ್ಟಿಸಲಾಗದು, ನಾಶ ಮಾಡಲಾಗದು. ಆತ್ಮವೂ ಒಂದು ಶಕ್ತಿ. ಆದ್ದರಿಂದ ಆತ್ಮಕ್ಕೆ ಸಾವಿಲ್ಲ ಎಂಬುದನ್ನು ವಿಜ್ಞಾನವೇ ಒಪ್ಪಿದೆ.’ ವಾಟ್ಸ್‌ಆ್ಯಪ್ ಗುಂಪುಗಳಲ್ಲಿ, ಪ್ರವಚನದ ವಿಡಿಯೊಗಳಲ್ಲಿ ಈ ಮೂರು ವಾಕ್ಯಗಳು ಸುತ್ತುತ್ತಲೇ ಇರುತ್ತವೆ. ಕೆಳಗೆ ಗೀತೆಯ ಎರಡನೇ ಅಧ್ಯಾಯದ ಒಂದು ಶ್ಲೋಕವೂ ಇರುತ್ತದೆ. ಎದುರಿನಿಂದ ಬರುವ ಉತ್ತರವೂ ಅಷ್ಟೇ ಚಿಕ್ಕದು: ‘ಶಕ್ತಿಯನ್ನು ಸೃಷ್ಟಿಸಲಾಗದು ಎಂದಮೇಲೆ ಸೃಷ್ಟಿಕರ್ತ ಯಾಕೆ ಬೇಕು?’ ಇಬ್ಬರೂ ಒಂದೇ ನಿಯಮವನ್ನು ಸಾಕ್ಷಿಗೆ ಕರೆಯುತ್ತಾರೆ. ಆ ನಿಯಮ ಏನನ್ನು ಅಳೆಯುತ್ತದೆ, ಯಾವ ಷರತ್ತಿನ ಮೇಲೆ ನಿಂತಿದೆ ಎಂದು ನೋಡಿದರೆ ಇಬ್ಬರ ಪರವಾಗಿಯೂ ಅದು ಸಾಕ್ಷಿ ಹೇಳುವುದಿಲ್ಲ ಎಂಬುದು ತಿಳಿಯುತ್ತದೆ. ನಂಬಿಕೆಗೆ ಅದು ನಿಜವಾಗಿ ತಾಗುವ ಜಾಗಗಳು ಬೇರೆಯೇ ಇವೆ.

ಗೊಂದಲದ ಅರ್ಧ ಪಾಲು ಕನ್ನಡದ ಪದಗಳಲ್ಲೇ ಇದೆ. ನಮ್ಮ ಶಾಲೆಯ ಪಠ್ಯದಲ್ಲಿ ‘ಶಕ್ತಿ’ ಎಂದರೆ ಜೂಲ್‌ಗಳಲ್ಲಿ ಅಳೆಯುವ ಒಂದು ಪರಿಮಾಣ. ಮನೆಯಲ್ಲಿ ‘ಮೈಯಲ್ಲಿ ಶಕ್ತಿ ಇಲ್ಲ’ ಎಂದರೆ ನಿಶ್ಶಕ್ತಿ, ದೇವಸ್ಥಾನದಲ್ಲಿ ಶಕ್ತಿ ಎಂದರೆ ದೇವಿ, ಮಂತ್ರಕ್ಕೆ ಶಕ್ತಿ ಇದೆ ಎಂದರೆ ಪ್ರಭಾವ. ‘ದ್ರವ್ಯ’ದ ಕಥೆಯೂ ಹೀಗೆಯೇ. ರಸಾಯನಶಾಸ್ತ್ರದಲ್ಲಿ ಅದು ತಕ್ಕಡಿಗೆ ಸಿಗುವ ವಸ್ತು. ವೈಶೇಷಿಕ ದರ್ಶನದಲ್ಲಿ ಒಂಬತ್ತು ದ್ರವ್ಯಗಳಿದ್ದು, ಪೃಥ್ವಿ, ಜಲ, ತೇಜಸ್ಸು, ವಾಯುಗಳ ಜೊತೆಗೆ ಆಕಾಶ, ಕಾಲ, ದಿಕ್ಕು, ಆತ್ಮ, ಮನಸ್ಸೂ ಆ ಪಟ್ಟಿಯಲ್ಲಿವೆ. ಒಂದು ವಾಕ್ಯದಲ್ಲಿ ಪಠ್ಯಪುಸ್ತಕದ ಶಕ್ತಿಯಿಂದ ಹೊರಟು ಮುಂದಿನ ವಾಕ್ಯದಲ್ಲಿ ದೇವಿಯ ಶಕ್ತಿಯನ್ನು ಮುಟ್ಟಿದರೆ ಅದು ತರ್ಕ ಆಗುವುದಿಲ್ಲ. ಒಂದೇ ಹೆಸರಿನ ಇಬ್ಬರನ್ನು ಒಬ್ಬರೆಂದು ತಿಳಿದ ಹಾಗಾಗುತ್ತದೆ.

ನಿಯಮ ಹೇಳುವುದು ಜಮಾ-ಖರ್ಚಿನ ಮಾತು. ಒಂದು ಗಡಿ ಹಾಕಿಕೊಳ್ಳಿ. ಗಡಿಯೊಳಗೆ ಬಂದದ್ದು, ಹೊರಗೆ ಹೋದದ್ದು, ಒಳಗೆ ಉಳಿದದ್ದು ತಾಳೆಯಾಗಬೇಕು. ತಾಳೆ ನೋಡಲು ಎಲ್ಲವನ್ನೂ ಒಂದೇ ಮಾನಕ್ಕೆ ತರಬೇಕು. ಇಂಗ್ಲೆಂಡಿನ ವಿಜ್ಞಾನಿ ಜೇಮ್ಸ್ ಜೂಲ್ 1840ರ ದಶಕದಲ್ಲಿ ಮಾಡಿದ್ದು ಇದನ್ನೇ. ಇಳಿಯುವ ತೂಕಗಳಿಂದ ನೀರಿನೊಳಗಿನ ಹುಟ್ಟುಗಳನ್ನು ತಿರುಗಿಸಿ, ನೀರು ಎಷ್ಟು ಬಿಸಿಯಾಗುತ್ತದೆ ಎಂದು ಅಳೆದ. ತೂಕಗಳನ್ನು ಇಪ್ಪತ್ತು ಸಲ ಇಳಿಸಿದರೂ ನೀರಿನ ತಾಪ ಏರಿದ್ದು ಒಂದು ಡಿಗ್ರಿ ಫ್ಯಾರನ್‌ಹೀಟ್‌ಗಿಂತ ಕಡಿಮೆ. ಕೋಣೆಯ ಗಾಳಿಯ ಶಾಖ, ಅಳೆಯುವವನ ಮೈಶಾಖ ಇವೇ ಅಷ್ಟು ವ್ಯತ್ಯಾಸ ತಂದುಬಿಡಬಲ್ಲವು. ಅದನ್ನೆಲ್ಲ ಕಳೆದು ಅವನು ಮುಟ್ಟಿದ ಅಂಕಿ 772: ಒಂದು ಪೌಂಡ್ ನೀರನ್ನು ಒಂದು ಡಿಗ್ರಿ ಫ್ಯಾರನ್‌ಹೀಟ್ ಬಿಸಿ ಮಾಡಲು 772 ಪೌಂಡ್ ತೂಕ ಒಂದು ಅಡಿ ಇಳಿಯಬೇಕು. ಇಂದಿನ ಅಳತೆಗೂ ಅದಕ್ಕೂ ಇರುವ ಅಂತರ ನೂರಕ್ಕೆ ಒಂದರಷ್ಟು. ‘ಶಕ್ತಿ ನಾಶವಾಗದು’ ಎಂಬ ಮಾತಿಗೆ ಅರ್ಥ ಕೊಡುವುದು ಇಂಥ ಅಂಕಿಗಳು. ಅವನ್ನು ತೆಗೆದುಹಾಕಿದರೆ ಉಳಿಯುವುದು ಕೇಳಲು ಇಂಪಾದ ಒಂದು ವಾಕ್ಯ ಮಾತ್ರ.

ಹಾಗಾದರೆ ಸಾವಿನ ಹೊತ್ತಿನ ಜಮಾ-ಖರ್ಚನ್ನೇ ಬರೆದು ನೋಡೋಣ. ವಾದ ನಿಂತಿರುವುದು ಅಲ್ಲೇ ತಾನೆ: ‘ಬದುಕಿದ್ದಾಗ ಇದ್ದ ಶಕ್ತಿ ಸತ್ತಮೇಲೆ ಎಲ್ಲಿಗೆ ಹೋಯಿತು?’

60 ಕೆ.ಜಿ. ತೂಕದ ಒಬ್ಬ ವ್ಯಕ್ತಿ ಎಂದಿಟ್ಟುಕೊಳ್ಳಿ. ಅದರಲ್ಲಿ ಸುಮಾರು 36 ಕೆ.ಜಿ. ನೀರು. ಕೊಬ್ಬು 12 ಕೆ.ಜಿ., ಪ್ರೋಟೀನ್ 9 ಕೆ.ಜಿ. ಆಸುಪಾಸು ಎಂದು ಹಿಡಿದರೆ, ಅವೆರಡರಲ್ಲಿ ಅಡಗಿರುವ ರಾಸಾಯನಿಕ ಶಕ್ತಿ ಸುಮಾರು 700 ಮೆಗಾಜೂಲ್. ಕರೆಂಟ್ ಬಿಲ್ಲಿನ ಭಾಷೆಯಲ್ಲಿ ಹತ್ತಿರಹತ್ತಿರ 200 ಯೂನಿಟ್. ಕೊನೆಯುಸಿರಿಗೆ ಒಂದು ನಿಮಿಷ ಮುಂಚೆ ಈ 700 ಮೆಗಾಜೂಲ್ ಅಲ್ಲಿತ್ತು, ಒಂದು ನಿಮಿಷ ನಂತರವೂ ಅಲ್ಲೇ ಇದೆ. ಬದಲಾದದ್ದು ಹರಿವು. ವಿಶ್ರಾಂತಿಯಲ್ಲಿರುವ ದೇಹ ಸುಮಾರು 80–100 ವಾಟ್‌ನಷ್ಟು ಉಷ್ಣವನ್ನು ಸತತವಾಗಿ ಹೊರಗೆ ಬಿಡುತ್ತಿರುತ್ತದೆ, ಊಟದಿಂದ ಅಷ್ಟನ್ನು ತುಂಬಿಕೊಳ್ಳುತ್ತಿರುತ್ತದೆ. ಆಮ್ಲಜನಕದ ಪೂರೈಕೆ ನಿಂತೊಡನೆ ಜೀವಕೋಶಗಳಲ್ಲಿ ಎಟಿಪಿ (ಕೋಶದ ಕೆಲಸಕ್ಕೆ ಶಕ್ತಿ ಒದಗಿಸುವ ಅಣು) ತಯಾರಾಗುವುದು ಬಹುಪಾಲು ನಿಲ್ಲುತ್ತದೆ. ಮಿದುಳಿನಲ್ಲಿ ಅದರ ದಾಸ್ತಾನು ನಿಮಿಷಗಳಲ್ಲೇ ಬರಿದು. ಒಲೆ ಆರಿದ ಮೇಲೆ ಪಾತ್ರೆ ತಣ್ಣಗಾಗುವಂತೆ ಮೈ ಸುತ್ತಲಿನ ಗಾಳಿಯ ತಾಪಕ್ಕೆ ಇಳಿಯುತ್ತದೆ. 37 ಡಿಗ್ರಿಯಿಂದ 27 ಡಿಗ್ರಿ ಸೆಲ್ಸಿಯಸ್‌ಗೆ ಇಳಿದಾಗ ಹೊರಹೋಗುವ ಉಷ್ಣ ಸುಮಾರು 2 ಮೆಗಾಜೂಲ್, ಅರ್ಧ ಯೂನಿಟ್‌ಗಿಂತ ತುಸು ಹೆಚ್ಚು. ಅದು ಹೋದದ್ದು ಕೋಣೆಯ ಗಾಳಿಗೆ, ಹಾಸಿಗೆಗೆ, ನೆಲಕ್ಕೆ. ಲೆಕ್ಕದಲ್ಲಿ ‘ಎಲ್ಲಿಗೆ ಹೋಯಿತೋ’ ಎಂದು ಬಾಕಿ ಉಳಿಯುವ ಕಲಮು ಇಲ್ಲ.

ಜೀವಂತ ದೇಹದಲ್ಲೂ ಅಂಥ ಬಾಕಿ ಇಲ್ಲ ಎಂಬುದನ್ನು ಬಹಳ ಹಿಂದೆಯೇ ಅಳೆಯಲಾಗಿದೆ. 1890ರ ದಶಕದಲ್ಲಿ ಜರ್ಮನಿಯ ಮ್ಯಾಕ್ಸ್ ರೂಬ್ನರ್ ನಾಯಿಗಳನ್ನು ಉಷ್ಣ ಅಳೆಯುವ ಕ್ಯಾಲರಿಮೀಟರ್ ಕೋಣೆಯಲ್ಲಿಟ್ಟು, ತಿಂದ ಆಹಾರದ ಶಕ್ತಿಯನ್ನೂ ಹೊರಬಂದ ಉಷ್ಣವನ್ನೂ ದಿನಗಟ್ಟಲೆ ಹೋಲಿಸಿದ. ಅಮೆರಿಕದಲ್ಲಿ ಆಟ್‌ವಾಟರ್ ಮತ್ತು ಸಂಗಡಿಗರು ಮನುಷ್ಯರನ್ನೇ ಅಂಥ ಕೋಣೆಯಲ್ಲಿ ಇರಿಸಿ, ಗಾಳಿ, ಆಹಾರ, ಮಲಮೂತ್ರ, ಉಷ್ಣ ಎಲ್ಲವನ್ನೂ ಅಳೆದರು. ಸರಾಸರಿಯಲ್ಲಿ ಎರಡು ಬದಿಗಳ ವ್ಯತ್ಯಾಸ ನೂರಕ್ಕೆ ಒಂದಕ್ಕಿಂತ ಕಡಿಮೆ. ‘ಪ್ರಾಣಶಕ್ತಿ’ ಎಂಬ ಬೇರೆ ಜಮೆ ಅಲ್ಲಿ ಬೇಕಾಗಲಿಲ್ಲ. ಪ್ರಾಣ ಎಂಬ ಮಾತು ಸುಳ್ಳು ಎಂದು ಇದರ ಅರ್ಥವಲ್ಲ, ಅದು ಜೂಲ್‌ಗಳಲ್ಲಿ ಎಣಿಸುವ ವಸ್ತುವಲ್ಲ ಎಂದಷ್ಟೇ. ರಾಗ ನಿಂತಾಗ ‘ರಾಗ ಎಲ್ಲಿಗೆ ಹೋಯಿತು’ ಎಂದು ವೀಣೆಯ ತೂಕ ನೋಡುವವರು ಯಾರೂ ಇಲ್ಲ.

ತೂಕ ನೋಡಲು ಹೋದವರೊಬ್ಬರಿದ್ದರು. 1907ರಲ್ಲಿ ಅಮೆರಿಕದ ವೈದ್ಯ ಡಂಕನ್ ಮ್ಯಾಕ್‌ಡೂಗಲ್, ಸಾಯುತ್ತಿದ್ದ ಆರು ಮಂದಿಯನ್ನು ತಕ್ಕಡಿಯ ಮೇಲಿನ ಮಂಚದಲ್ಲಿ ಮಲಗಿಸಿ ಪಡೆದ ಫಲಿತಾಂಶ ಪ್ರಕಟಿಸಿದರು. ‘ಆತ್ಮದ ತೂಕ 21 ಗ್ರಾಂ’ ಎಂಬ ಮಾತು ಅಲ್ಲಿಂದ ಬಂದದ್ದು. ಆ ಅಂಕಿ ಆರರಲ್ಲಿ ಮೊದಲನೆಯ ಒಬ್ಬರದು ಮಾತ್ರ. ಎರಡು ಪ್ರಯೋಗಗಳನ್ನು ಅವರೇ ಕೈಬಿಟ್ಟರು, ಉಳಿದವು ಒಂದಕ್ಕೊಂದು ಹೊಂದಲಿಲ್ಲ. ಸಾವಿನ ಕ್ಷಣ ಯಾವುದು ಎಂದು ಗುರುತಿಸುವುದೇ ಕಷ್ಟ. ಅದಕ್ಕಿಂತ ದೊಡ್ಡ ತೊಡಕು ತೇವದ್ದು. ಚರ್ಮ ಮತ್ತು ಉಸಿರಿನಿಂದ ಮನುಷ್ಯ ಗಂಟೆಗೆ 30 ಗ್ರಾಂಗಿಂತ ಹೆಚ್ಚು ನೀರನ್ನು ಗೊತ್ತಿಲ್ಲದೆಯೇ ಕಳೆದುಕೊಳ್ಳುತ್ತಾನೆ. 21 ಗ್ರಾಂ ಎಂದರೆ ಸುಮಾರು 40 ನಿಮಿಷದ ತೇವ. ಬೆವರು, ಮೈಶಾಖದ ಬದಲಾವಣೆಗಳನ್ನು ಬೇರ್ಪಡಿಸದೆ ಆ ತಕ್ಕಡಿ ಏನನ್ನೂ ಹೇಳಲಾರದು. ಹದಿನೈದು ನಾಯಿಗಳ ಮೇಲೂ ಅವರು ಇದನ್ನೇ ಮಾಡಿದರು, ತೂಕ ಇಳಿಯಲಿಲ್ಲ. ನಾಯಿಗೆ ಆತ್ಮವಿಲ್ಲ ಎಂದು ಅವರು ತೀರ್ಮಾನಿಸಿದರು. ನಾಯಿ ನಮ್ಮಂತೆ ಮೈಯೆಲ್ಲ ಬೆವರುವುದಿಲ್ಲ ಎಂಬುದು ಅದಕ್ಕಿಂತ ಹತ್ತಿರದ ಕಾರಣ.

ವಿಜ್ಞಾನದ ಕಡೆಯಿಂದ ಇಷ್ಟು. ಶಾಸ್ತ್ರದ ಕಡೆಯಿಂದ ನೋಡಿದರೆ ‘ಆತ್ಮ ಒಂದು ಶಕ್ತಿ’ ಎಂಬ ಹೋಲಿಕೆ ಇನ್ನೂ ಬೇಗ ಕುಸಿಯುತ್ತದೆ. ಇದನ್ನು ಯಾರೂ ಹೇಳದಿರುವುದೇ ಹೆಚ್ಚು ಬೇಸರದ ಸಂಗತಿ. ಸಂದೇಶದ ಕೆಳಗೆ ಹಾಕುವ ಶ್ಲೋಕಗಳ ಪಕ್ಕದಲ್ಲೇ, ಗೀತೆ 2.24ರಲ್ಲಿ ಆತ್ಮವನ್ನು ‘ಸ್ಥಾಣುಃ, ಅಚಲಃ’ ಎಂದಿದೆ, 2.25ರಲ್ಲಿ ‘ಅವಿಕಾರ್ಯಃ’ ಎಂದಿದೆ. ಚಲಿಸದ್ದು, ಬದಲಾಗದ್ದು. ಭೌತಶಾಸ್ತ್ರದ ಶಕ್ತಿಯ ಗುಣವೇ ರೂಪ ಬದಲಿಸುವುದು: ಕಟ್ಟಿಗೆಯ ರಾಸಾಯನಿಕ ಶಕ್ತಿ ಉಷ್ಣವಾಗುತ್ತದೆ, ಉಷ್ಣ ಆವಿಯ ಚಲನೆಯಾಗುತ್ತದೆ. ಸಾಂಖ್ಯ ದರ್ಶನದ ಪ್ರಕಾರ ಪರಿಣಾಮ (ರೂಪಾಂತರ) ಹೊಂದುವುದೆಲ್ಲ ಪ್ರಕೃತಿ, ಪುರುಷನಿಗೆ, ಅಂದರೆ ಆತ್ಮಕ್ಕೆ, ಪರಿಣಾಮವಿಲ್ಲ. ಅಂದರೆ ಜೂಲ್‌ಗಳು ಬೀಳುವುದು ಪ್ರಕೃತಿಯ ಖಾತೆಗೆ. ಮಧ್ವಮತದಲ್ಲಿ ಇನ್ನೊಂದು ತೊಡಕು ಏಳುತ್ತದೆ. ಅಲ್ಲಿ ಒಂದು ಜೀವಕ್ಕೂ ಇನ್ನೊಂದು ಜೀವಕ್ಕೂ ಇರುವ ಭೇದ ನಿತ್ಯ. ಒಂದು ಜೂಲ್‌ಗೂ ಇನ್ನೊಂದು ಜೂಲ್‌ಗೂ ಗುರುತೇ ಇಲ್ಲ. ಎರಡು ಚೊಂಬು ಬಿಸಿನೀರನ್ನು ಒಂದೇ ಹಂಡೆಗೆ ಸುರಿದರೆ ಯಾವ ಉಷ್ಣ ಯಾವ ಚೊಂಬಿನದು ಎಂದು ಹೇಳಲಾಗದು. ಹೀಗೆ ಬೆರೆತುಹೋಗುವ ವಸ್ತು ಕರ್ಮಫಲವನ್ನು ಹೊತ್ತು ಒಂದು ಜನ್ಮದಿಂದ ಇನ್ನೊಂದಕ್ಕೆ ಹೇಗೆ ಸಾಗೀತು? ಆತ್ಮವನ್ನು ಶಕ್ತಿ ಎಂದು ಕರೆದು ಅದಕ್ಕೆ ವಿಜ್ಞಾನದ ಮುದ್ರೆ ಒತ್ತಿಸುವವರು, ತಾವು ಕಾಪಾಡಬೇಕೆಂದಿರುವ ಸಿದ್ಧಾಂತವನ್ನೇ ಕೈಬಿಡುತ್ತಾರೆ.

ಸಂರಕ್ಷಣೆಯ ನಿಯಮಕ್ಕೆ ನಿಜವಾಗಿ ಹತ್ತಿರ ಬರುವುದು ದೇಹದ ಬಗೆಗಿನ ಮಾತು: ‘ಪಂಚಭೂತಗಳಲ್ಲಿ ಲೀನ’. ಅದೇ 60 ಕೆ.ಜಿ. ದೇಹದಲ್ಲಿ ಇಂಗಾಲ ಸುಮಾರು 11 ಕೆ.ಜಿ. ಚಿತೆಯಲ್ಲಿ ಅದು ಗಾಳಿಯ ಆಮ್ಲಜನಕದೊಡನೆ ಸೇರಿ 40 ಕೆ.ಜಿ.ಯಷ್ಟು ಇಂಗಾಲದ ಡೈಆಕ್ಸೈಡ್ ಆಗುತ್ತದೆ. 36 ಕೆ.ಜಿ. ನೀರು ಆವಿಯಾಗುತ್ತದೆ. ಕೊನೆಗೆ ಬೂದಿಯಲ್ಲಿ ಉಳಿಯುವ ದೇಹದ ಪಾಲು 2–3 ಕೆ.ಜಿ., ಹೆಚ್ಚಿನದು ಮೂಳೆಯ ಕ್ಯಾಲ್ಸಿಯಂ ಫಾಸ್ಫೇಟ್. ಶ್ರೀರಂಗಪಟ್ಟಣದ ಪಶ್ಚಿಮವಾಹಿನಿಯಲ್ಲಿ ಕಾವೇರಿಗೆ ಬಿಡುವ ಅಸ್ಥಿ ಆ 2–3 ಕೆ.ಜಿ.ಯೊಳಗಿನದು. ಉಳಿದ ದೇಹವೆಲ್ಲ ಆಗಲೇ ಗಾಳಿ ಸೇರಿ, ಯಾವುದೋ ಗದ್ದೆಯ ಭತ್ತದ ಎಲೆ ಅದನ್ನು ಹೀರಿಕೊಳ್ಳುವುದಕ್ಕೂ ದಾರಿಯಾಗಿರುತ್ತದೆ. ಬಯಲಿನ ಚಿತೆಗೆ 300–500 ಕೆ.ಜಿ. ಸೌದೆ ಬೇಕಾಗುವುದಕ್ಕೆ ಕಾರಣವೂ ಇದೇ ಲೆಕ್ಕದಲ್ಲಿದೆ. ದೇಹದ ನೀರನ್ನು ಆವಿ ಮಾಡಲು ಬೇಕಾದದ್ದು ಸುಮಾರು 95 ಮೆಗಾಜೂಲ್ ಮಾತ್ರ. 400 ಕೆ.ಜಿ. ಒಣಸೌದೆ ಕೊಡುವುದು 6000 ಮೆಗಾಜೂಲ್. ಬಹುಪಾಲು ಆಕಾಶಕ್ಕೆ ಹೋಗುತ್ತದೆ. ಮಳೆಗಾಲದ ಹಸಿ ಸೌದೆಯಾದರೆ ಅದರದೇ ನೀರನ್ನು ಒಣಗಿಸಲು ಒಂದಿಷ್ಟು ಶಕ್ತಿ ವ್ಯಯವಾಗಿ ಬೆಂಕಿ ಮಂಕಾಗುತ್ತದೆ.

‘ಇಲ್ಲದ್ದರಿಂದ ಏನೂ ಹುಟ್ಟದು’ ಎಂಬ ವಿಚಾರ ನಮ್ಮ ದರ್ಶನಗಳಲ್ಲಿ ಇದ್ದದ್ದು ನಿಜ. ‘ನಾಸತೋ ವಿದ್ಯತೇ ಭಾವಃ’ ಎಂಬ ಗೀತೆಯ ಮಾತನ್ನು ಎಲ್ಲರೂ ಉದ್ಧರಿಸುತ್ತಾರೆ. ಅದರ ಹಿಂದಿನ ಜಗಳವನ್ನು ಹೇಳುವವರು ಕಡಿಮೆ. ಸಾಂಖ್ಯರ ಸತ್ಕಾರ್ಯವಾದದ ಪ್ರಕಾರ ಕಾರ್ಯವು ಕಾರಣದಲ್ಲಿ ಮೊದಲೇ ಇರುತ್ತದೆ. ಎಳ್ಳಿನಿಂದ ಎಣ್ಣೆ ಬರುತ್ತದೆ, ಮರಳಿನಿಂದ ಬರುವುದಿಲ್ಲ. ನ್ಯಾಯ-ವೈಶೇಷಿಕರು ಇದನ್ನು ಒಪ್ಪಲಿಲ್ಲ. ಮಡಕೆ ಮಣ್ಣಿನಲ್ಲಿ ಮೊದಲೇ ಇದ್ದಿದ್ದರೆ ಕುಂಬಾರ ಯಾಕೆ ಬೇಕು, ಮಣ್ಣಿನ ಮುದ್ದೆಯಲ್ಲೇ ನೀರು ತರಬಹುದಿತ್ತಲ್ಲ ಎಂಬುದು ಅವರ ಪ್ರಶ್ನೆ. ಮಡಕೆ ಹೊಸತಾಗಿ ಹುಟ್ಟಿದ್ದು ಎಂದು ಅವರ ನಿಲುವು. ಶಾಂಕರ ವೇದಾಂತ ಮೂರನೇ ದಾರಿ ಹಿಡಿದು ಬದಲಾವಣೆಯೇ ತೋರಿಕೆ ಎಂದಿತು. ಈ ಯಾವ ವಾದಿಯೂ ಮಣ್ಣನ್ನೂ ಮಡಕೆಯನ್ನೂ ತೂಗಿ ವಾದ ಮಾಡಲಿಲ್ಲ. ಅವರ ಪ್ರಶ್ನೆ ಪ್ರಮಾಣದ್ದಾಗಿರಲಿಲ್ಲ, ಕಾರಣ-ಕಾರ್ಯಗಳ ಸಂಬಂಧ ಎಂಥದ್ದು ಎಂಬುದಾಗಿತ್ತು. ಫ್ರಾನ್ಸಿನ ರಸಾಯನಶಾಸ್ತ್ರಜ್ಞ ಲವಾಸಿಯೆ 1789ರಲ್ಲಿ ಮುಚ್ಚಿದ ಪಾತ್ರೆಯ ಮೊದಲ ತೂಕವನ್ನೂ ಕೊನೆಯ ತೂಕವನ್ನೂ ಸಮ ಎಂದು ಬರೆದದ್ದು ಬೇರೆ ಪ್ರಶ್ನೆಗೆ ಬೇರೆ ಉತ್ತರ. ಒಂದನ್ನು ಇನ್ನೊಂದರ ‘ಪೂರ್ವಸೂಚನೆ’ ಎಂದರೆ ಎರಡಕ್ಕೂ ಅನ್ಯಾಯ.

ಜೈನರ ಸೂತ್ರವಂತೂ ಬಹಳ ಚೆಲುವಾದದ್ದು: ‘ಉತ್ಪಾದ-ವ್ಯಯ-ಧ್ರೌವ್ಯ-ಯುಕ್ತಂ ಸತ್’. ಹುಟ್ಟು, ಅಳಿವು, ನಿಲುವು ಮೂರೂ ಸೇರಿದ್ದೇ ಇರುವಿಕೆ. ಚಿನ್ನದ ಕೊಡವನ್ನು ಕರಗಿಸಿ ಕಿರೀಟ ಮಾಡಿದರೆ ಕೊಡ ಬೇಕಿದ್ದವನಿಗೆ ದುಃಖ, ಕಿರೀಟ ಬೇಕಿದ್ದವನಿಗೆ ಸಂತೋಷ, ಚಿನ್ನ ಬೇಕಿದ್ದವನಿಗೆ ಎರಡೂ ಇಲ್ಲ ಎಂದು ಅದನ್ನು ವಿವರಿಸುತ್ತಾರೆ. 9ನೇ ಶತಮಾನದಲ್ಲಿ, ಮಾನ್ಯಖೇಟದ ರಾಷ್ಟ್ರಕೂಟ ದೊರೆ ಅಮೋಘವರ್ಷನ ಕಾಲದ ಆಚಾರ್ಯ ಜಿನಸೇನ ಇದನ್ನು ಸೃಷ್ಟಿವಾದದ ಎದುರಿಗೇ ನಿಲ್ಲಿಸಿದ: ದೇವರು ಲೋಕ ಮಾಡಿದ್ದರೆ ಸಾಮಗ್ರಿ ಎಲ್ಲಿಂದ ಬಂತು? ಸಾಮಗ್ರಿಯನ್ನು ಮೊದಲು ಮಾಡಿದ ಎಂದರೆ ಅದನ್ನು ಯಾವುದರಿಂದ ಮಾಡಿದ? ಲೋಕ ಯಾರೂ ಮಾಡದ್ದು, ಅನಾದಿ ಎಂಬುದು ಅವನ ತೀರ್ಮಾನ. ಇದೇ ಪ್ರಶ್ನೆಗೆ ನಾಲ್ಕು ಶತಮಾನಗಳ ನಂತರ ಉಡುಪಿಯ ಮಧ್ವಾಚಾರ್ಯರ ಪರಂಪರೆ ಕೊಟ್ಟ ಉತ್ತರ ಬೇರೆ. ಜೀವ, ಪ್ರಕೃತಿಗಳು ಅನಾದಿಯೇ ಹೌದು. ಸೃಷ್ಟಿ ಎಂದರೆ ಅವು ಈಶ್ವರಾಧೀನವಾಗಿ ಹೊಸ ವಿಶೇಷವನ್ನು ಪಡೆಯುವುದು, ‘ಪರಾಧೀನವಿಶೇಷಾಪ್ತಿ’. ಅದೇ 13ನೇ ಶತಮಾನದಲ್ಲಿ ಯುರೋಪಿನಲ್ಲಿ ಕ್ರೈಸ್ತ ದಾರ್ಶನಿಕ ಥಾಮಸ್ ಅಕ್ವಿನಾಸ್, ಸೃಷ್ಟಿ ಎಂದರೆ ಇದ್ದದ್ದೊಂದರ ಬದಲಾವಣೆಯಲ್ಲ, ಇರುವುದೆಲ್ಲ ದೇವರನ್ನು ಅವಲಂಬಿಸಿರುವುದು ಎಂದ. ಜಗತ್ತಿಗೆ ಆದಿ ಇದೆಯೋ ಇಲ್ಲವೋ ಎಂಬುದನ್ನು ಬರೀ ತರ್ಕದಿಂದ ತೀರ್ಮಾನಿಸಲಾಗದು ಎಂದೂ ವಾದಿಸಿದ. ಜಿನಸೇನನ ಪ್ರಶ್ನೆಯ ಬಿಸಿ ಅರಿತವರಿಗೆ ಮಾತ್ರ ಈ ಎರಡು ಉತ್ತರಗಳ ಸೂಕ್ಷ್ಮ ತಿಳಿಯುತ್ತದೆ.

ಯುರೋಪಿನಲ್ಲಿ ನಂಬಿಕೆ ಈ ನಿಯಮಕ್ಕೆ ನೇರವಾಗಿ ಪ್ರೇರಣೆ ಕೊಟ್ಟಿತು. ದೇವರು ಬದಲಾಗದವನು, ಆದ್ದರಿಂದ ಅವನು ಜಗತ್ತಿಗೆ ಕೊಟ್ಟ ಚಲನೆಯ ಒಟ್ಟು ಮೊತ್ತವೂ ಬದಲಾಗದು ಎಂದು ಫ್ರಾನ್ಸಿನ ದಾರ್ಶನಿಕ ದೇಕಾರ್ತ್ 1644ರಲ್ಲಿ ಬರೆದ. ಅವನು ಉಳಿಯುತ್ತದೆ ಎಂದ ಮೊತ್ತ ಗಾತ್ರ ಗುಣಿಸು ವೇಗ. ಅದರಲ್ಲಿ ದಿಕ್ಕಿನ ಲೆಕ್ಕ ಇರಲಿಲ್ಲ, ಆದ್ದರಿಂದ ಅದು ತಪ್ಪು. 1686ರಲ್ಲಿ ಜರ್ಮನ್ ದಾರ್ಶನಿಕ ಲೈಬ್ನಿಟ್ಸ್, ಬೀಳುವ ವಸ್ತುಗಳ ಉದಾಹರಣೆಯಿಂದ, ಉಳಿಯುವ ಮೊತ್ತದಲ್ಲಿ ವೇಗದ ವರ್ಗ ಇರಬೇಕು ಎಂದು ತೋರಿಸಿದ. ಲೈಬ್ನಿಟ್ಸ್‌ನೂ ದೈವಭಕ್ತನೇ, ಜೂಲ್‌ನೂ ಹೌದು. ಪ್ರಕೃತಿಯ ಮಹಾಶಕ್ತಿಗಳು ಸೃಷ್ಟಿಕರ್ತನ ಆಜ್ಞೆಯಿಂದಲೇ ಅವಿನಾಶಿ ಎಂದು ಜೂಲ್ 1843ರಲ್ಲಿ ಬರೆದಿದ್ದಾನೆ. ಹುಡುಕುವ ಹಂಬಲ ಕೊಟ್ಟದ್ದು ನಂಬಿಕೆ. ಯಾವ ಮೊತ್ತ ಉಳಿಯುತ್ತದೆ ಎಂದು ತೀರ್ಮಾನಿಸಿದ್ದು ಇಳಿಯುವ ತೂಕ ಮತ್ತು ಉಷ್ಣಮಾಪಕ.

ನಂಬಿಕೆಯ ಮಾತು ತಾನಾಗಿ ತಕ್ಕಡಿಯ ಮೇಲೆ ಬಂದು ಕೂತಾಗ ನಿಯಮ ಖಡಾಖಂಡಿತವಾಗಿ ಮಾತಾಡುತ್ತದೆ. ಹತ್ತು ಗ್ರಾಂ ತುಪ್ಪವನ್ನು ಹೋಮದಲ್ಲಿ ಸುಟ್ಟರೆ ಒಂದು ಟನ್ ಆಮ್ಲಜನಕ ಹುಟ್ಟುತ್ತದೆ ಎಂಬ ಸಂದೇಶವನ್ನು ನೋಡದವರಿಲ್ಲ. ತುಪ್ಪ ಕೊಬ್ಬು. ಹತ್ತು ಗ್ರಾಂ ಕೊಬ್ಬು ಪೂರ್ತಿ ಉರಿಯಲು ಸುಮಾರು 29 ಗ್ರಾಂ ಆಮ್ಲಜನಕವನ್ನು ಗಾಳಿಯಿಂದ ತೆಗೆದುಕೊಳ್ಳುತ್ತದೆ. ಬಿಡುವುದು ಸುಮಾರು 28 ಗ್ರಾಂ ಇಂಗಾಲದ ಡೈಆಕ್ಸೈಡ್, 11 ಗ್ರಾಂ ನೀರಾವಿ. ಕೂಡಿ ನೋಡಿ, ಎರಡೂ ಬದಿ 39. ಒಂದು ಟನ್ ಬರಬೇಕಾದರೆ ಸುಟ್ಟದ್ದರ ಒಂದು ಲಕ್ಷ ಪಟ್ಟು ಎಲ್ಲಿಂದಲೋ ಬರಬೇಕು. ಹೋಮ ಮಾಡುವವರಿಗೆ ಈ ಸುಳ್ಳಿನ ಅಗತ್ಯವೇ ಇಲ್ಲ. ಅವರ ಸಂಕಲ್ಪದಲ್ಲಿ ಆಮ್ಲಜನಕದ ಮಾತು ಇಲ್ಲ. ಅಪಾಯ ಮಾತ್ರ ಇದೆ: ಇದನ್ನು ನಂಬಿ ಕಿಟಕಿ ಮುಚ್ಚಿದ ಚಿಕ್ಕ ಕೋಣೆಯಲ್ಲಿ ಹೋಮ ಮಾಡಿದರೆ ಆಮ್ಲಜನಕ ಇಳಿಯುತ್ತದೆ, ಅರೆಬೆಂದ ಸಮಿತ್ತಿನಿಂದ ಕಾರ್ಬನ್ ಮೊನಾಕ್ಸೈಡ್ ತುಂಬುತ್ತದೆ. ಮನೆಯಲ್ಲಿ ಉಬ್ಬಸದ ಮಗುವೋ ಹಿರಿಯರೋ ಇದ್ದರೆ ಎರಡು ಎದುರುಬದುರು ಕಿಟಕಿ ತೆರೆದಿಡುವುದು, ಸಮಿತ್ತು ಚೆನ್ನಾಗಿ ಒಣಗಿರುವಂತೆ ನೋಡಿಕೊಳ್ಳುವುದು ಅತ್ಯಗತ್ಯ.

ಬರಿಗೈಯಿಂದ ವಿಭೂತಿ ಬರಿಸುವ ಪವಾಡವೂ ಇದೇ ಜಾತಿಯದು. 1976ರಲ್ಲಿ ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾಗಿದ್ದ ಡಾ. ಎಚ್. ನರಸಿಂಹಯ್ಯನವರು ಪವಾಡಗಳನ್ನು ವೈಜ್ಞಾನಿಕವಾಗಿ ಪರೀಕ್ಷಿಸಲು ಸಮಿತಿ ರಚಿಸಿದ್ದರ ಹಿಂದೆ ಇದ್ದ ತರ್ಕ ನೇರವಾದದ್ದು: ಕಾಣುವ ವಸ್ತು ಬಂತು ಎಂದರೆ ಅದನ್ನು ಪರೀಕ್ಷಿಸಬಹುದು. ಹತ್ತು ಗ್ರಾಂ ವಿಭೂತಿಯನ್ನು ಬರೀ ಶಕ್ತಿಯಿಂದ ಮಾಡಬೇಕಾದರೆ ಐನ್‌ಸ್ಟೈನ್ ಸಮೀಕರಣದಂತೆ 90,000 ಕೋಟಿ ಕಿಲೋಜೂಲ್ ಬೇಕು, ಹಿರೋಶಿಮಾ ಬಾಂಬಿನ ಸುಮಾರು 14 ಪಟ್ಟು. ಗಾಳಿಯಿಂದ ತೆಗೆದದ್ದು ಎಂದರೆ, ಎಂಟು-ಒಂಬತ್ತು ಲೀಟರ್ ಗಾಳಿಯಲ್ಲಿ ಹತ್ತು ಗ್ರಾಂ ತೂಕವೇನೋ ಇದೆ, ಆದರೆ ಬೂದಿಗೆ ಬೇಕಾದ ಕ್ಯಾಲ್ಸಿಯಂ, ಪೊಟ್ಯಾಸಿಯಂ, ಸಿಲಿಕಾ ಅದರಲ್ಲಿಲ್ಲ.

ಇನ್ನು ‘ಸೃಷ್ಟಿಕರ್ತ ಯಾಕೆ ಬೇಕು’ ಎನ್ನುವವರ ಕಡೆಗೆ. ‘ವಸ್ತುವನ್ನು ನಾಶ ಮಾಡಲಾಗದು’ ಎಂಬ ಶಾಲೆಯ ವಾಕ್ಯ ಅಕ್ಷರಶಃ ನಿಜವಲ್ಲ. ಮೈಯೊಳಗಿನ ಚಿತ್ರ ತೆಗೆಯುವ ಆಸ್ಪತ್ರೆಗಳ ಪೆಟ್ ಸ್ಕ್ಯಾನ್ ಯಂತ್ರದೊಳಗೆ ದಿನವೂ ವಸ್ತು ಅಳಿಯುತ್ತಿದೆ. ರೋಗಿಗೆ ಕೊಟ್ಟ ಫ್ಲೋರಿನ್-18 ಹೊರಬಿಡುವ ಪಾಸಿಟ್ರಾನ್ (ಎಲೆಕ್ಟ್ರಾನಿನ ಪ್ರತಿಕಣ) ಪಕ್ಕದ ಎಲೆಕ್ಟ್ರಾನ್‌ಗೆ ತಾಗಿ, ಎರಡೂ ಇಲ್ಲವಾಗಿ, ತಲಾ 511 ಕಿಲೋ ಎಲೆಕ್ಟ್ರಾನ್‌ವೋಲ್ಟ್‌ನ ಎರಡು ಗಾಮಾ ಕಿರಣಗಳಾಗುತ್ತವೆ. ಯಂತ್ರ ಹಿಡಿಯುವುದು ಅವನ್ನೇ. ಉಳಿಯುವುದು ಒಟ್ಟು ಶಕ್ತಿ. ಆ ಒಟ್ಟು ಶಕ್ತಿಗೂ ಷರತ್ತು ಇದೆ. ಜರ್ಮನಿಯ ಗಣಿತಜ್ಞೆ ಎಮ್ಮಿ ನೋಯೆಥರ್ 1918ರಲ್ಲಿ ಪ್ರಕಟಿಸಿದ ಪ್ರಮೇಯದಂತೆ, ಭೌತನಿಯಮಗಳು ಕಾಲದೊಡನೆ ಬದಲಾಗದಿರುವುದರಿಂದಲೇ ಶಕ್ತಿ ಉಳಿಯುತ್ತದೆ. ಪ್ರಯೋಗಶಾಲೆಗೆ, ಭೂಮಿಗೆ, ಸೌರವ್ಯೂಹಕ್ಕೆ ಈ ಷರತ್ತು ಸಲ್ಲುತ್ತದೆ. ಹಿಗ್ಗುತ್ತಿರುವ ಇಡೀ ವಿಶ್ವದ ಆಕಾಶ ನಿನ್ನೆಯಂತೆ ಇಂದು ಇಲ್ಲ. ಮಹಾಸ್ಫೋಟದ ಸುಮಾರು 3,80,000 ವರ್ಷಗಳ ನಂತರ ಬಿಡುಗಡೆಯಾದ ಬೆಳಕಿನ ಅಲೆಯುದ್ದ ಇಂದಿಗೆ ಸುಮಾರು 1,100 ಪಟ್ಟು ಹಿಗ್ಗಿದೆ. ಅದರ ಪ್ರತಿ ಫೋಟಾನ್‌ನ ಶಕ್ತಿ ಅಷ್ಟೇ ಪಟ್ಟು ಕುಗ್ಗಿದೆ. ಆ ಕೊರತೆಯನ್ನು ಯಾವ ಖಾತೆಗೆ ಜಮೆ ಮಾಡಬೇಕು ಎಂಬುದಕ್ಕೆ ಐನ್‌ಸ್ಟೈನ್‌ನ ಗುರುತ್ವ ಸಿದ್ಧಾಂತವಾದ ಸಾಮಾನ್ಯ ಸಾಪೇಕ್ಷತೆಯಲ್ಲಿ ಎಲ್ಲರೂ ಒಪ್ಪುವ ಉತ್ತರವಿಲ್ಲ. ಹೀಗಿರುವಾಗ ‘ಶಕ್ತಿ ಉಳಿಯುತ್ತದೆ, ಆದ್ದರಿಂದ ವಿಶ್ವ ಅನಾದಿ’ ಎಂದು ಜಿನಸೇನನ ಪರವಾಗಿ ಹೇಳಲೂ ಆಗದು, ‘ಆದ್ದರಿಂದ ದೇವರಿಲ್ಲ’ ಎನ್ನಲೂ ಆಗದು.

2020ರ ರಾಷ್ಟ್ರೀಯ ಶಿಕ್ಷಣ ನೀತಿಯ ನಂತರ ದೇಶದ ಅನೇಕ ಕಾಲೇಜುಗಳಲ್ಲಿ ‘ಭಾರತೀಯ ಜ್ಞಾನ ಪರಂಪರೆ’ ಪಾಠವಾಗಿ ಬಂದಿದೆ. ಅಲ್ಲಿ ಈ ವಿಷಯ ಬಂದೇ ಬರುತ್ತದೆ. ಆಗ ‘ನಾಸತೋ ವಿದ್ಯತೇ’ ಶ್ಲೋಕದ ಪಕ್ಕದಲ್ಲಿ ನೈಯಾಯಿಕರ ಮಡಕೆಯ ಆಕ್ಷೇಪವನ್ನೂ ಜಿನಸೇನನ ಸಾಮಗ್ರಿಯ ಪ್ರಶ್ನೆಯನ್ನೂ ಇಟ್ಟು, ಸಾಂಖ್ಯರ ಪರವಾಗಿ ಉತ್ತರಿಸಿ ಎಂದು ವಿದ್ಯಾರ್ಥಿಗಳಿಗೆ ಹೇಳಬಹುದು. ಅದೇ ವಾರದ ಪ್ರಯೋಗದ ತರಗತಿಯಲ್ಲಿ ಒಂದು ಮೇಣದಬತ್ತಿಯನ್ನು ಗ್ರಾಂನ ನೂರನೇ ಭಾಗ ತೋರಿಸುವ ತಕ್ಕಡಿಯ ಮೇಲಿಟ್ಟು ಹತ್ತು ನಿಮಿಷ ಉರಿಸಿದರೆ, ತೂಕ ಇಳಿಯುತ್ತಾ ಹೋಗುತ್ತದೆ. ಉರಿಯುವ ಬತ್ತಿಯ ಮೇಲೆ, ಸುಟ್ಟ ಸುಣ್ಣ ಮತ್ತು ಕಾಸ್ಟಿಕ್ ಸೋಡಾದ ಹರಳು ತುಂಬಿದ ಗಾಜಿನ ಕೊಳವೆಯನ್ನು ಅದೇ ತಕ್ಕಡಿಗೆ ಸೇರಿಸಿ ನಿಲ್ಲಿಸಿದರೆ, ನೀರಾವಿಯೂ ಇಂಗಾಲದ ಡೈಆಕ್ಸೈಡ್‌ನ ಒಂದಷ್ಟು ಪಾಲೂ ಅಲ್ಲೇ ಸಿಕ್ಕಿಕೊಂಡು ತೂಕ ಏರುತ್ತದೆ. ಕೊಳವೆಯನ್ನು ತೀರಾ ಬಿಗಿಯಾಗಿ ತುಂಬಿದರೆ ಗಾಳಿಯ ಸೆಳೆತ ನಿಂತು ಬತ್ತಿ ನಂದುತ್ತದೆ, ತೀರಾ ಸಡಿಲವಾದರೆ ಅನಿಲ ತಪ್ಪಿಸಿಕೊಂಡು ಏರಿಕೆ ಕಾಣುವುದೇ ಇಲ್ಲ. ಕಾಸ್ಟಿಕ್ ಸೋಡಾ ಕೈಗೆ, ಕಣ್ಣಿಗೆ ತಾಗಬಾರದು, ಕೈಗವಸು ಮತ್ತು ಕನ್ನಡಕ ಬೇಕು. ಉರಿದು ಕರಗಿದ ಬತ್ತಿಯ ತೂಕ ಯಾಕೆ ಏರಿತು ಎಂದು ವಿದ್ಯಾರ್ಥಿಗಳು ಕೇಳುತ್ತಾರೆ. ಗಾಳಿಯಿಂದ ಬಂದು ಸೇರಿದ ಆಮ್ಲಜನಕದ ಲೆಕ್ಕವನ್ನು ಅವರೇ ಬರೆಯಲಿ.